ಕಪ್ಪತಗುಡ್ಡದ ಹೊನ್ನೂ ಜಲಗಾರರೂ

(೧)

ಗದಗ-ಬೆಟಗೇರಿಯ ಬಳಿಯ ಬಿಂಕದಕಟ್ಟಿಯಿಂದ ಮೊದಲಾಗಿ, ಆಗ್ನೇಯ ದಿಕ್ಕಿಗೆ ಸಾಗಿ, ಮುಂಡರಗಿಯ ಸೀಮೆಯನ್ನು ಹಾದು, ತುಂಗಭದ್ರೆಯ ತೀರದ ಸಿಂಗಟಾಲೂರಿನವರೆಗೆ ಹಬ್ಬಿರುವ ಬೆಟ್ಟಗಳ ಸಾಲಿಗೆ ಕಪ್ಪತಗುಡ್ಡವೆಂದು ಹೆಸರು. ಇದರ ಸುತ್ತಲೂ ಕನ್ನಡ ನಾಡಿನ ಚರಿತ್ರೆಯಲ್ಲಿ ಪ್ರಸಿದ್ಧವಾದ ಊರುಗಳಿವೆ. ಉತ್ತರದಲ್ಲಿ ತ್ರಿಕೂಟೇಶ್ವರ ವೀರನಾರಾಯಣರ ಗದಗ, ಅದಕ್ಕೆ ಸಮೀಪದ ಲಕ್ಕುಂಡಿ, ಪೂರ್ವದಲ್ಲಿ ಡಂಬಳ, ಪಶ್ಚಿಮದಲ್ಲಿ ಮುಳಗುಂದ, ಸೊರಟೂರು, ನೈಋತ್ಯದಲ್ಲಿ ಶಿರಹಟ್ಟಿ, ಲಕ್ಷ್ಮೇಶ್ವರ. ಲಕ್ಷ್ಮೇಶ್ವರವೇ ಪೂರ್ವದ ಪುಲಿಗೆರೆಯೆಂಬುದೂ, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನ ನುಡಿಯನ್ನು ಕವಿರಾಜಮಾರ್ಗಕಾರನು ಕನ್ನಡದ ತಿರುಳೆಂದು ಗಣಿಸಿದನೆಂಬುದೂ ವಾಚಕರಿಗೆ ವಿದಿತವಾದ ವಿಷಯಗಳೇ. ಆ ತಿರುಳ್ಗನ್ನಡದ ನಾಡಿನೊಳಗೆ ನಿಂತಿರುವ ಬೆಟ್ಟವಿದು.

ಎಪ್ಪತ್ತು ಗಿರಿಗಳನ್ನು ನೋಡುವುದಕ್ಕಿಂತ ಕಪ್ಪತಗಿರಿಯೊಂದನ್ನು ನೋಡುವುದು ಮೇಲೆಂಬ ಅರ್ಥದ ಗಾದೆ ಈ ಭಾಗದ ಜನರಲ್ಲಿ ಬಳಕೆಯಲ್ಲಿದೆ. ಬೆಟ್ಟವನ್ನು ಕುರಿತು ಬರೆದವರು ಅದರ ಔಷಧಿಮೂಲಿಕೆಗಳನ್ನೂ ಕಪ್ಪತಮಲ್ಲೇಶ್ವರನ ಸನ್ನಿಧಿಯನ್ನೂ ವಿಸ್ತಾರವಾಗಿ ಹೊಗಳಿದ್ದಾರೆ. ಅದರ ಹೊನ್ನಿನ ಮಾತು ಬಂದಾಗ ಮಾತ್ರ ಎರಡು ಅಭಿಪ್ರಾಯಗಳು ಪರೀಕ್ಷೆಯಿಲ್ಲದೆ ಬರಹದಿಂದ ಬರಹಕ್ಕೆ ಸಾಗಿಬರುತ್ತಿವೆ. ಚಾಲುಕ್ಯರ ಕಾಲದ ಲೊಕ್ಕಿಗದ್ಯಾಣಗಳ ಹೊನ್ನು ಈ ಬೆಟ್ಟದಿಂದಲೇ ಬಂದಿತೆಂಬುದು ಒಂದು. ಇಲ್ಲಿ ಹೊನ್ನಿರುವುದನ್ನು ಕಂಡುಹಿಡಿದವರು ಆಂಗ್ಲ ಭೂಶಾಸ್ತ್ರಜ್ಞರೆಂಬುದು ಮತ್ತೊಂದು. ಮೊದಲನೆಯದು ಆಧಾರಕ್ಕೆ ಮೀರಿದ ಮಾತು. ಎರಡನೆಯದು ಆಧಾರಕ್ಕೆ ವಿರುದ್ಧವಾದ ಮಾತು. ಇವೆರಡನ್ನೂ ವಿಚಾರಿಸುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಈ ಬೆಟ್ಟದಲ್ಲಿ ಹೊನ್ನು ಹೇಗೆ ಸೇರಿತು, ಹಳ್ಳದ ಮರಳಿಗೆ ಅದು ಹೇಗೆ ಬಂತು ಎಂಬುದನ್ನು ತಿಳಿಯಬೇಕು. ಏಕೆಂದರೆ ಹೊನ್ನನ್ನು ಮೊದಲು ಕಂಡವರು ಯಾರೆಂಬ ಪ್ರಶ್ನೆಗೆ ಉತ್ತರವು ಈ ತಿಳಿವಳಿಕೆಯಲ್ಲಿಯೇ ಅಡಗಿದೆ.

(೨)

ನೀರು ಕಲ್ಲಿನ ಮೇಲೆ ಮಾಡುವ ಕೆಲಸ ಎರಡು ಬಗೆಯದು. ಮೇಲಿನಿಂದ ಬಿದ್ದು ಕಲ್ಲನ್ನು ಕಡಿಯುವುದು ಒಂದು; ಕೆಳಗಿನಿಂದ ಬಿಸಿಯಾಗಿ ಏರಿ ಕಲ್ಲಿನ ಸೀಳುಗಳನ್ನು ತುಂಬುವುದು ಇನ್ನೊಂದು. ಅಮೆರಿಕದ ಯೆಲ್ಲೋಸ್ಟೋನ್ ಎಂಬ ಅಗ್ನಿಪರ್ವತ ಪ್ರದೇಶದಲ್ಲಿ ಇವೆರಡೂ ಒಂದೇ ನೋಟಕ್ಕೆ ಸಿಕ್ಕುತ್ತವೆ. ೧೮೭೨ರಲ್ಲಿ ರಕ್ಷಿತ ಉದ್ಯಾನವಾದ ಆ ಸೀಮೆಯಲ್ಲಿ ನದಿಯು ೩೦೮ ಅಡಿಗಳ ಎತ್ತರದಿಂದ ಧುಮುಕುತ್ತದೆ; ಅದೇ ಕಣಿವೆಯ ಗೋಡೆಗಳು ಬಿಸಿನೀರೂ ಹಬೆಯೂ ಬಹುಕಾಲ ತಾಗಿದ್ದರಿಂದ ಹಳದಿಯ ಬಣ್ಣಕ್ಕೆ ತಿರುಗಿ ಮೆತ್ತಗಾಗಿವೆ. ಆ ಮೆತುವಾದ ಕಲ್ಲನ್ನೇ ನದಿಯು ಆಳವಾಗಿ ಕೊರೆದಿದೆ.

ಕನ್ನಡ ನಾಡಿನಲ್ಲಿ ಈ ಎರಡು ಕೆಲಸಗಳು ಒಂದೆಡೆ ಕಾಣಿಸುವುದಿಲ್ಲ. ಕಾಲದಿಂದಲೂ ದೇಶದಿಂದಲೂ ಅಗಲಿವೆ. ಮೊದಲನೆಯದನ್ನು ಕಾಣಬೇಕಾದರೆ ಬೆಳಗಾವಿಯ ಸೀಮೆಯ ಗೋಕಾಕಕ್ಕೆ ಹೋಗಬೇಕು. ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ, ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಡಿದ ಶಿಲಾರಸದ ಕರಿಕಲ್ಲಿನ ನಾಡನ್ನು ಹಾದು, ಗೋಕಾಕದ ಬಳಿ ಅದಕ್ಕಿಂತ ಎಷ್ಟೋ ಹಳೆಯದಾದ ಮರಳುಗಲ್ಲಿನ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಸುಮಾರು ೧೭೦ ಅಡಿ ಕೆಳಗೆ ಬೀಳುತ್ತದೆ. ಕಟ್ಟಿನ ಅಂಚು ಕುದುರೆಯ ಲಾಳದಂತೆ ಬಾಗಿದೆ. ಮಳೆಗಾಲದಲ್ಲಿ ಕೆಮ್ಮಣ್ಣು ಬೆರೆತ ನೀರು ಅಂಚಿನ ಉದ್ದಕ್ಕೂ ಇಳಿಯುತ್ತದೆ. ಬೇಸಗೆಯಲ್ಲಿ ಬಂಡೆಯ ಪದರುಗಳೇ ಹೆಚ್ಚಾಗಿ ಕಾಣುತ್ತವೆ. ದಡದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ದೇವಾಲಯವಿದೆ. ೧೮೮೫ರಲ್ಲಿ ಇಲ್ಲಿ ನೂಲಿನ ಗಿರಣಿಯೊಂದು ಸ್ಥಾಪಿತವಾಗಿ, ಜಲಪಾತದ ಶಕ್ತಿಯನ್ನು ಯಂತ್ರಕ್ಕೆ ಹೂಡಲಾಯಿತು. ಇಷ್ಟೆಲ್ಲಕ್ಕೂ ಮೊದಲೇ ಮದರಾಸಿನ ಸೈನ್ಯದ ಅಧಿಕಾರಿಯೂ ಭೂಶಾಸ್ತ್ರಜ್ಞನೂ ಆದ ಕ್ಯಾಪ್ಟನ್ ನ್ಯೂಬೋಲ್ಡನು ಈ ಜಲಪಾತವನ್ನು ನೋಡಿ ಅದರ ಶಿಲೆಗಳನ್ನು ಕುರಿತು ಬರೆದನು. ಕಪ್ಪತಗುಡ್ಡದ ಹೊನ್ನನ್ನು ಕುರಿತು ಬರೆದ ಮೊದಲ ಯುರೋಪಿಯನ್ನರ ಪೈಕಿ ಅವನೂ ಒಬ್ಬನು. ಗೋಕಾಕದ ಪ್ರಸ್ತಾಪವನ್ನು ಇಲ್ಲಿ ತಂದುದಕ್ಕೆ ಇದೂ ಒಂದು ಕಾರಣ.

ಬಿಸಿನೀರಿನ ಕೆಲಸ ಇಂದಿಗೂ ಸಣ್ಣ ಪ್ರಮಾಣದಲ್ಲಿ ಕೆಲವೆಡೆ ನಡೆದಿದೆ. ದಕ್ಷಿಣ ಕನ್ನಡದಲ್ಲಿ ಪುತ್ತೂರಿನ ಸೀಮೆಯ ಇರ್ದೆಯ ಬೆಂದ್ರುತೀರ್ಥ, ಕೊಂಕಣದ ರಾಜಾಪುರದ ಬಳಿಯ ಉನ್ಹಾಳೆ, ಇವು ಉದಾಹರಣೆಗಳು. ಇವುಗಳ ಬಿಸಿಗೆ ಜೀವಂತವಾದ ಅಗ್ನಿಪರ್ವತವು ಕಾರಣವಲ್ಲ. ಮಳೆಯ ನೀರು ಆಳವಾದ ಬಿರುಕುಗಳಲ್ಲಿ ಇಳಿದು, ಭೂಗರ್ಭದ ತಾಪದಿಂದ ಕಾದು ಮೇಲಕ್ಕೆ ಮರಳುತ್ತದೆ. ಕಪ್ಪತಗುಡ್ಡದಲ್ಲಿ ಇಂದು ಇಂಥ ಬುಗ್ಗೆಗಳಿಗೆ ಹೆಸರಿಲ್ಲ. ಆದರೆ ಒಂದಾನೊಂದು ಕಾಲದಲ್ಲಿ ಅದೇ ಬಗೆಯ ಕೆಲಸವು ಇದಕ್ಕಿಂತ ಎಷ್ಟೋ ದೊಡ್ಡ ಪ್ರಮಾಣದಲ್ಲಿ ಆ ಬೆಟ್ಟದ ಒಡಲಲ್ಲಿ ನಡೆಯಿತು. ಅದರ ಗುರುತೇ ಅಲ್ಲಿಯ ಹೊನ್ನು.

(೩)

ಕಪ್ಪತಗುಡ್ಡದ ಶಿಲೆಗಳು ಚಿತ್ರದುರ್ಗದ ಕಡೆಯಿಂದ ಉತ್ತರಕ್ಕೆ ಹಬ್ಬಿಬಂದ ಪದರುಶಿಲೆಗಳ ಪಟ್ಟಿಗೆ ಸೇರಿದವು. ೨೫೦ ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಸಮುದ್ರವಿದ್ದಿತು. ಅದರ ತಳದಲ್ಲಿ ಶಿಲಾರಸವು ಉಕ್ಕಿತು. ನೀರಿನೊಳಗೆ ಉಕ್ಕಿದ ಶಿಲಾರಸವು ಥಟ್ಟನೆ ತಣಿದು, ತಲೆದಿಂಬುಗಳನ್ನು ಒಟ್ಟಿದ ಹಾಗೆ ಗಟ್ಟಿಯಾಗುತ್ತದೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ಈ ಆಕಾರವು ಸ್ಫುಟವಾಗಿ ಉಳಿದಿರುವುದರಿಂದ ಆ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ರಕ್ಷಿಸಲಾಗಿದೆ. ಶಿಲಾರಸದ ಪದರುಗಳ ಜೊತೆಗೆ ಮರಳು, ಜೇಡಿ, ಕಬ್ಬಿಣದ ಅಂಶವುಳ್ಳ ಪಟ್ಟೆಗಲ್ಲುಗಳೂ ಸಂಚಯವಾದವು. ಮುಂದೆ ಇವೆಲ್ಲವೂ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡು, ಆಳಕ್ಕೆ ಹೂತುಹೋಗಿ, ಕಾದು, ಬಣ್ಣವನ್ನೂ ರೂಪವನ್ನೂ ಬದಲಿಸಿದವು.

ಹೊನ್ನಿನ ಕಥೆ ಇಲ್ಲಿಂದ ಮುಂದಿನದು. ಹೀಗೆ ಹೂತ ಶಿಲೆಗಳು ಕಾದಾಗ ಅವುಗಳ ಖನಿಜಗಳಲ್ಲಿ ಅಡಗಿದ್ದ ನೀರು ಹೊರಬಿದ್ದಿತು. ಅಂಗಾರಾಮ್ಲವೂ ಗಂಧಕವೂ ಬೆರೆತ ಈ ನೀರಿನ ತಾಪವು ೨೦೦ರಿಂದ ೪೦೦ ಡಿಗ್ರಿ ಸೆಂಟಿಗ್ರೇಡಿನಷ್ಟಿದ್ದರೂ ಆಳದ ಒತ್ತಡದಿಂದಾಗಿ ಅದು ಆವಿಯಾಗದೆ ನೀರಾಗಿಯೇ ಉಳಿಯಿತು. ಗಂಧಕದ ನೆರವಿನಿಂದ ಶಿಲೆಗಳಲ್ಲಿ ಚೆದರಿದ್ದ ಅತ್ಯಲ್ಪವಾದ ಹೊನ್ನನ್ನು ಕರಗಿಸಿಕೊಂಡು ಅದು ಬಿರುಕುಗಳ ಹಾದಿಯಲ್ಲಿ ಮೇಲಕ್ಕೇರಿತು. ಬಿರುಕು ಬಾಯ್ದೆರೆದು ಒತ್ತಡವು ತಟ್ಟನೆ ಇಳಿದಲ್ಲಿ, ಅಥವಾ ಕಬ್ಬಿಣವುಳ್ಳ ಶಿಲೆಯು ಗಂಧಕವನ್ನು ಹೀರಿಕೊಂಡಲ್ಲಿ, ಹೊನ್ನು ನೀರಿನಿಂದ ಬೇರ್ಪಟ್ಟು ಬೆಣಚುಕಲ್ಲಿನ ಜೊತೆಗೆ ನೆಲೆನಿಂತಿತು. ಗದಗಿನ ಪಟ್ಟಿಯಲ್ಲಿ ಹೊನ್ನು ಹೆಚ್ಚಾಗಿ ಕಬ್ಬಿಣ, ಪಾಷಾಣ, ಗಂಧಕಗಳು ಕೂಡಿದ ಖನಿಜಗಳ ಸಂಗಡ ಇರುತ್ತದೆ. ಬೆಣಚುಕಲ್ಲಿನ ಬಿಳಿಯ ಎಳೆಗಳೇ ಬಿಸಿನೀರು ನಡೆದ ಹಾದಿಗಳು.

ಬೆಟ್ಟವು ಮೇಲೆದ್ದು ಯುಗಯುಗಗಳ ಮಳೆಗೆ ಸವೆದಾಗ ಮೊದಲ ಬಗೆಯ ನೀರಿನ ಸರದಿ ಬಂತು. ಮಳೆಯ ನೀರು ಬೆಣಚುಕಲ್ಲನ್ನು ಒಡೆದು ಪುಡಿಮಾಡಿ ಹಳ್ಳಗಳಿಗೆ ಇಳಿಸಿತು. ಸಮಗಾತ್ರದ ನೀರಿಗಿಂತ ಬೆಣಚುಕಲ್ಲು ಸುಮಾರು ೨.೬ ಪಾಲು ಭಾರ. ಹೊನ್ನು ೧೯ ಪಾಲಿಗೂ ಹೆಚ್ಚು ಭಾರ. ಆದುದರಿಂದ ಹರಿವು ಕಲ್ಲಿನ ಪುಡಿಯನ್ನು ದೂರಕ್ಕೆ ಒಯ್ಯುತ್ತದೆ, ಹೊನ್ನಿನ ಕಣವನ್ನು ಹಳ್ಳದ ತಿರುವಿನಲ್ಲಿಯೋ ಬಂಡೆಯ ಸಂದಿನಲ್ಲಿಯೋ ಬಿಟ್ಟುಹೋಗುತ್ತದೆ. ಬೆಟ್ಟದೊಳಗಿನ ಎಳೆಯನ್ನು ಕಾಣದಿದ್ದರೂ ಹಳ್ಳದ ಮರಳನ್ನು ಪರೀಕ್ಷಿಸಿ ಅದರ ಇರವನ್ನು ಊಹಿಸುವುದು ಹೀಗೆ ಸಾಧ್ಯವಾಗುತ್ತದೆ.

(೪)

ಈ ಎರಡು ಬಗೆಯ ಹೊನ್ನಿನ ಭೇದವನ್ನು ಪ್ರಾಚೀನರು ಅರಿತಿದ್ದರು. ಅಮರಕೋಶದಲ್ಲಿ ಹೇಳಿರುವ ಸುವರ್ಣದ ಪರ್ಯಾಯಗಳಲ್ಲಿ ಗಾಂಗೇಯ, ಜಾಂಬೂನದ ಎಂಬ ಎರಡು ಹೆಸರುಗಳು ನದಿಗಳಿಂದ ಬಂದಿವೆ. ಮೈಸೂರಿನಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು ೧೯೦೯ರಲ್ಲಿ ಮುದ್ರಿತವಾದ ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಸ್ಪಷ್ಟವಾಗಿ ಮಾತನಾಡುತ್ತದೆ. ಅಲ್ಲಿ ಜಾಂಬೂನದ, ಶಾತಕುಂಭ, ಹಾಟಕ, ವೈಣವ, ಶೃಂಗಶುಕ್ತಿಜ ಎಂದು ಹೊನ್ನಿನ ಜಾತಿಗಳನ್ನು ಎಣಿಸಿದ ಮೇಲೆ, ಜಾತರೂಪ, ರಸವಿದ್ಧ, ಆಕರೋದ್ಗತ ಎಂಬ ಭೇದಗಳನ್ನು ಹೇಳಿದೆ. ತಾನಾಗಿ ಶುದ್ಧರೂಪದಲ್ಲಿ ದೊರೆಯುವುದು ಜಾತರೂಪ. ಗಣಿಯಿಂದ ತೆಗೆದುದು ಆಕರೋದ್ಗತ. ಹಳ್ಳದ ಮರಳಿನಲ್ಲಿ ದೊರೆಯುವ ಕಣವು ಮೊದಲನೆಯದಕ್ಕೂ, ಬೆಣಚುಕಲ್ಲನ್ನು ಕುಟ್ಟಿ ತೆಗೆದದ್ದು ಕೊನೆಯದಕ್ಕೂ ಸಲ್ಲುತ್ತದೆ.

ಆಕರಾಧ್ಯಕ್ಷನ ಪ್ರಕರಣದಲ್ಲಿ ಬೆಟ್ಟಗಳ ಬಿಲ, ಗುಹೆ, ತಪ್ಪಲುಗಳೊಳಗಿನಿಂದ ಒಸರುವ ರಸಗಳ ಬಣ್ಣವನ್ನೂ ಗುಣವನ್ನೂ ನೋಡಿ ಹೊನ್ನಿನ ನೆಲೆಯನ್ನು ಗುರುತಿಸುವ ಕ್ರಮವನ್ನು ಹೇಳಿದೆ. ಬೆಟ್ಟದ ಒಳಗಿನ ದ್ರವಕ್ಕೂ ಹೊನ್ನಿಗೂ ಸಂಬಂಧವನ್ನು ಕಲ್ಪಿಸಿದ ಈ ಮಾತು ಗಮನಾರ್ಹವಾದುದು. ಇದನ್ನು ಹಿಡಿದುಕೊಂಡು ಆಧುನಿಕ ಶಾಸ್ತ್ರದ ಬಿಸಿನೀರಿನ ಸಿದ್ಧಾಂತವು ಕೌಟಿಲ್ಯನಿಗೆ ತಿಳಿದಿತ್ತೆಂದು ಹೇಳುವುದು ಅತಿವ್ಯಾಪ್ತಿಯಾಗುತ್ತದೆ. ಕೌಟಿಲ್ಯನು ಹೇಳುತ್ತಿರುವುದು ಕಣ್ಣಿಗೆ ಕಾಣುವ ಲಕ್ಷಣಗಳನ್ನು, ಉತ್ಪತ್ತಿಯ ಕಾರಣವನ್ನಲ್ಲ. ಆದರೆ ಹೊನ್ನನ್ನು ಹುಡುಕುವುದು ಲಕ್ಷಣಜ್ಞಾನವುಳ್ಳ ಒಂದು ವಿದ್ಯೆಯಾಗಿತ್ತೆಂಬುದಕ್ಕೆ ಈ ಗ್ರಂಥವು ಸಾಕ್ಷಿ.

(೫)

ಕಪ್ಪತಗುಡ್ಡದ ಸೀಮೆಯಲ್ಲಿ ಈ ವಿದ್ಯೆಯನ್ನು ಉಳಿಸಿಕೊಂಡು ಬಂದವರು ಜಲಗಾರರು. ಇವರದು ಮಳೆಗಾಲದ ಕಸುಬು. ಹಳ್ಳಕ್ಕೆ ನೀರು ಬಂದು ಇಳಿದ ಮೇಲೆ, ತಿರುವುಗಳಲ್ಲಿಯೂ ಬಂಡೆಯ ಸಂದುಗಳಲ್ಲಿಯೂ ನಿಂತ ಗರಸನ್ನು ಕೆದಕಿ ತೆಗೆದು, ಮರದ ಮರಿಗೆಯಲ್ಲಿ ಹಾಕಿ, ನೀರು ಹೊಯ್ದು ಅಲುಗಿಸುವರು. ಹಗುರವಾದ ಮಣ್ಣೂ ಮರಳೂ ನೀರಿನೊಡನೆ ಹೊರಬೀಳುವುವು. ಮತ್ತೆ ಮತ್ತೆ ಹೀಗೆ ಮಾಡಿದರೆ ಕಬ್ಬಿಣದ ಅಂಶವುಳ್ಳ ಕರಿಯ ಮರಳು ತಳದಲ್ಲಿ ಉಳಿಯುತ್ತದೆ. ಅದರ ಅಂಚಿನಲ್ಲಿ ಹೊನ್ನಿನ ಕಣಗಳು ಕಾಣುತ್ತವೆ. ಹರಿಯುವ ಹಳ್ಳವು ವರ್ಷಗಟ್ಟಲೆ ಮಾಡುವ ಬೇರ್ಪಡಿಕೆಯನ್ನೇ ಜಲಗಾರನ ಕೈ ಕೆಲವು ಗಳಿಗೆಗಳಲ್ಲಿ ಮಾಡಿ ಮುಗಿಸುತ್ತದೆ. ಅಕ್ಕಸಾಲಿಗರ ಅಂಗಡಿಯ ಕಸವನ್ನೂ ಬೂದಿಯನ್ನೂ ತೊಳೆದು ಅದರೊಳಗಿನ ಹೊನ್ನು ಬೆಳ್ಳಿಗಳನ್ನು ತೆಗೆಯುವುದೂ ಇವರ ಕೆಲಸವೇ. ಮಹಾರಾಷ್ಟ್ರದಲ್ಲಿ ಇದೇ ಕಸುಬಿನವರಿಗೆ ಝಾರೇಕರಿಗಳೆಂದು ಹೆಸರು.

ಜಲಗಾರ ಎಂಬ ಶಬ್ದವನ್ನು ಸಂಸ್ಕೃತದ ಜಲ ಶಬ್ದದಿಂದ ಸಾಧಿಸುವುದು ಸುಲಭವಾಗಿ ತೋರುತ್ತದೆ. ಆದರೆ ನೀರಿನ ಸಂಬಂಧವುಳ್ಳ ಕಸುಬುಗಳು ಅನೇಕವಿರುವಾಗ ಈ ಒಂದು ಕಸುಬಿಗೆ ಮಾತ್ರ ಆ ಹೆಸರು ಏಕೆ ಬಂದಿತೆಂಬುದಕ್ಕೆ ಆ ವ್ಯುತ್ಪತ್ತಿಯಲ್ಲಿ ಸಮಾಧಾನವಿಲ್ಲ. ಕನ್ನಡದಲ್ಲಿ ಜಾಲಿಸು ಎಂಬ ಕ್ರಿಯಾಪದವಿದೆ. ಅಕ್ಕಿಯನ್ನು ನೀರಿನಲ್ಲಿ ಅಲುಗಿಸಿ ಕಲ್ಲನ್ನು ಬೇರೆ ಮಾಡುವುದಕ್ಕೆ ಹೆಂಗಸರು ಇಂದಿಗೂ ಅಕ್ಕಿ ಜಾಲಿಸುವುದೆನ್ನುತ್ತಾರೆ. ಭಾರದ ವಸ್ತುವನ್ನು ತಳದಲ್ಲಿ ನಿಲ್ಲಿಸಿ ಹಗುರವಾದುದನ್ನು ನೀರಿನೊಡನೆ ಸಾಗಿಸುವ ಈ ಕ್ರಿಯೆಯೇ ಜಲಗಾರನ ಕ್ರಿಯೆ. ಅರ್ಥದ ದೃಷ್ಟಿಯಿಂದ ಜಲಗಾರ ಶಬ್ದವು ಜಾಲಿಸು ಎಂಬುದಕ್ಕೆ ಹೆಚ್ಚು ಸಮೀಪವಾಗಿದೆ. ಜಾ ಎಂಬುದರ ಹ್ರಸ್ವವನ್ನು ಶಬ್ದಶಾಸ್ತ್ರಜ್ಞರು ವಿಚಾರಿಸಬೇಕು. ಬೀದಿಯ ಕಸ ಗುಡಿಸುವವನೆಂಬ ಅರ್ಥದಲ್ಲಿಯೂ ಶಬ್ದವು ಬಳಕೆಯಲ್ಲಿದೆ. ಕುವೆಂಪು ಅವರ ‘ಜಲಗಾರ’ ನಾಟಕದಲ್ಲಿ ಇರುವುದು ಆ ಅರ್ಥವೇ. ಕಸದಿಂದ ಹೊನ್ನನ್ನು ತೆಗೆಯುವವನ ಹೆಸರು ಕಸವನ್ನು ತೆಗೆಯುವವನಿಗೆ ಸಂದಿತೆಂದು ಊಹಿಸಿದರೆ ಅರ್ಥಾಂತರದ ಹಾದಿ ತಿಳಿಯಾಗುತ್ತದೆ. ಹಾಗಾಗಿದ್ದಲ್ಲಿ ಈ ಶಬ್ದದಲ್ಲಿ ಹೊನ್ನು ಹೋಗಿ ಕಸವಷ್ಟೇ ಉಳಿಯಿತೆನ್ನಬೇಕು.

(೬)

ಹತ್ತೊಂಬತ್ತನೆಯ ಶತಮಾನದಲ್ಲಿ ಬೆಟ್ಟವನ್ನು ನೋಡಲು ಬಂದ ಯುರೋಪಿಯನ್ನರ ಬರಹಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ನ್ಯೂಬೋಲ್ಡನು ದಕ್ಷಿಣ ಭಾರತದ ಖನಿಜಗಳನ್ನು ಕುರಿತು ಬರೆಯುವಾಗ ಕಪ್ಪತಗುಡ್ಡದ ಹಳ್ಳಗಳಲ್ಲಿ ಹೊನ್ನಿನ ಹುಡಿ ದೊರೆಯುವುದನ್ನು ದಾಖಲೆ ಮಾಡಿದನು. ಅವನ ತರುವಾಯ ಭಾರತೀಯ ಭೂವಿಜ್ಞಾನ ಸಮೀಕ್ಷೆಯ ರಾಬರ್ಟ್ ಬ್ರೂಸ್ ಫೂಟನು ಡಂಬಳದ ಬೆಟ್ಟಗಳ ಹೊನ್ನಿನ ಶಿಲೆಗಳನ್ನು ಕುರಿತು ೧೮೭೪ರಲ್ಲಿ ಒಂದು ಪ್ರೌಢವಾದ ಲೇಖನವನ್ನು ಪ್ರಕಟಿಸಿದನು. ಮದರಾಸಿನ ಬಳಿಯ ಪಲ್ಲಾವರದಲ್ಲಿ ೧೮೬೩ರಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿದವನೂ ಈತನೇ. ಫೂಟನು ಇಲ್ಲಿಯ ಶಿಲೆಗಳನ್ನು ಡೋಣಿ, ಕಪ್ಪತಗುಡ್ಡ, ಸೊರಟೂರು ಮೊದಲಾದ ಸ್ಥಳನಾಮಗಳಿಂದ ವರ್ಗಗಳಾಗಿ ವಿಂಗಡಿಸಿದನು. ಯಾವ ವರ್ಗದ ಶಿಲೆಗಳಿಂದ ಹರಿದುಬರುವ ಹಳ್ಳದಲ್ಲಿ ಹೊನ್ನು ಹೆಚ್ಚೆಂಬುದನ್ನು ನೋಡಿ, ಸೊರಟೂರಿನ ವರ್ಗವೇ ಹೊನ್ನಿಗೆ ಮುಖ್ಯವಾದ ನೆಲೆಯೆಂದು ನಿರ್ಣಯಿಸಿದನು.

ಈ ನಿರ್ಣಯದ ಸಾಧನವು ಯಾವುದೆಂಬುದೇ ಇಲ್ಲಿ ಮುಖ್ಯ. ಹಳ್ಳಗಳ ಮರಳನ್ನು ತೊಳೆದು ಹೊನ್ನಿನ ಇರವನ್ನು ತೋರಿಸಿದವರು ಜಲಗಾರರು. ಯಾವ ಹಳ್ಳದಲ್ಲಿ ತೊಳೆದರೆ ಫಲವುಂಟು, ಯಾವುದರಲ್ಲಿ ಶ್ರಮ ವ್ಯರ್ಥವೆಂಬ ಅರಿವು ಅವರ ಕಸುಬಿನ ಅಂಗವಾಗಿ ಮೊದಲೇ ಇದ್ದಿತು. ಶಿಲೆಗಳಿಗೆ ಶಾಸ್ತ್ರದ ಹೆಸರಿಟ್ಟು, ಅವುಗಳ ಅನುಕ್ರಮವನ್ನು ಗೊತ್ತುಮಾಡಿ, ಹಳ್ಳದ ಹೊನ್ನಿಗೂ ಬೆಟ್ಟದ ಶಿಲೆಗೂ ಇರುವ ಸಂಬಂಧವನ್ನು ಲೋಕಕ್ಕೆ ತಿಳಿಯುವಂತೆ ಬರೆದದ್ದು ಫೂಟನ ಹಿರಿಮೆ. ಹೊನ್ನನ್ನು ಕಂಡದ್ದು ಮಾತ್ರ ಅವನಲ್ಲ. ಮುಂದೆ ೧೮೮೦ರ ದಶಕದಲ್ಲಿ ಅವನು ದಕ್ಷಿಣ ಭಾರತದ ಹೊನ್ನುಳ್ಳ ಪ್ರಾಚೀನ ಶಿಲೆಗಳ ಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟನು. ಇಂದಿಗೂ ಜಗತ್ತಿನ ಭೂಶಾಸ್ತ್ರಗ್ರಂಥಗಳಲ್ಲಿ ಕನ್ನಡದ ಈ ಊರಿನ ಹೆಸರು ನಿಂತಿದೆ. ಜಲಗಾರರ ಹೆಸರು ಆ ಗ್ರಂಥಗಳಲ್ಲಿ ಅಡಿಟಿಪ್ಪಣಿಗೆ ಇಳಿದುಹೋಯಿತು.

೧೯೦೨ರಿಂದ ೧೯೧೧ರವರೆಗೆ ಗದಗಿನ ಪಟ್ಟಿಯಲ್ಲಿ ಕಂಪನಿಗಳು ಗಣಿಗಳನ್ನು ನಡೆಸಿದವು. ಹೊಸೂರು, ಕಬಲಾಯತಕಟ್ಟಿಗಳ ಗಣಿಗಳು ಪ್ರಸಿದ್ಧವಾದವು. ‘ಸಾಂಗ್ಲಿ ಗಣಿ’ ಎಂಬ ಹೆಸರು ಶಿರಹಟ್ಟಿಯ ಸೀಮೆಯು ಆಗ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದುದನ್ನು ನೆನಪಿಗೆ ತರುತ್ತದೆ. ೧೯೦೬ರಲ್ಲಿ ಮ್ಯಾಕ್ಲಾರೆನ್ ಎಂಬ ಭೂಶಾಸ್ತ್ರಜ್ಞನು ದಕ್ಷಿಣದ ಹೊನ್ನಿನ ಸೀಮೆಗಳನ್ನು ಕುರಿತು ಬರೆದನು. ಕೋಲಾರದಂತೆ ಇಲ್ಲಿ ಗಣಿಗಳು ಬಾಳಲಿಲ್ಲ. ಬಿಸಿನೀರು ನಡೆದ ಹಾದಿಗಳು ಇಲ್ಲಿ ಕಿರಿದು. ಹೊನ್ನು ಗಂಧಕ ಪಾಷಾಣಗಳ ಖನಿಜದಲ್ಲಿ ಸೂಕ್ಷ್ಮವಾಗಿ ಬೆರೆತಿರುವುದರಿಂದ ಅದನ್ನು ಬಿಡಿಸುವುದು ಕಷ್ಟ.

(೭)

ಇನ್ನು ಲೊಕ್ಕಿಗದ್ಯಾಣದ ವಿಷಯ. ಗದಗಿನಿಂದ ಸುಮಾರು ೧೨ ಕಿಲೋಮೀಟರು ದೂರದ ಲಕ್ಕುಂಡಿಯೇ ಶಾಸನಗಳ ಲೊಕ್ಕಿಗುಂಡಿ. ಅಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಕಟ್ಟಿಸಿದ ಬಸದಿಯನ್ನು ಕ್ರಿ. ಶ. ೧೦೦೭ರ ಶಾಸನವು ತಿಳಿಸುತ್ತದೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ವೀರಬಲ್ಲಾಳನು ಸೊರಟೂರಿನ ಯುದ್ಧದಲ್ಲಿ ಸೇವುಣ ಭಿಲ್ಲಮನನ್ನು ಗೆದ್ದ ಮೇಲೆ ಇದೇ ಲೊಕ್ಕಿಗುಂಡಿಯಲ್ಲಿ ನೆಲೆಸಿದನು. ಸೊರಟೂರು ಹೀಗೆ ರಾಜಕೀಯ ಚರಿತ್ರೆಗೂ ಶಿಲೆಗಳ ಚರಿತ್ರೆಗೂ ಸಮಾನವಾಗಿ ಬೇಕಾದ ಊರಾಗಿದೆ. ಲೊಕ್ಕಿಗುಂಡಿಯ ಟಂಕಶಾಲೆಯಿಂದ ಲೊಕ್ಕಿಗದ್ಯಾಣಗಳು ಹೊರಟುವೆಂಬುದು ವಿದ್ವಾಂಸರು ಒಪ್ಪಿದ ವಿಷಯ. ಹತ್ತಿರದಲ್ಲಿಯೇ ಹೊನ್ನಿನ ಬೆಟ್ಟವಿರುವುದರಿಂದ ಟಂಕಶಾಲೆಯ ಹೊನ್ನು ಅಲ್ಲಿಯದೇ ಎಂದು ಊಹಿಸುವುದು ಸಹಜ.

ಆದರೆ ಗದ್ಯಾಣಕ್ಕೆ ಲೊಕ್ಕಿ ಎಂಬ ಹೆಸರು ಅದನ್ನು ಟಂಕಿಸಿದ ಊರನ್ನು ಹೇಳುತ್ತದೆಯೇ ಹೊರತು ಲೋಹದ ಆಕರವನ್ನು ಹೇಳುವುದಿಲ್ಲ. ಟಂಕಶಾಲೆಗೆ ಹೊನ್ನು ಕಪ್ಪವಾಗಿ ಬರಬಹುದು, ವ್ಯಾಪಾರದಿಂದ ಬರಬಹುದು, ಹಳೆಯ ಒಡವೆ ನಾಣ್ಯಗಳನ್ನು ಕರಗಿಸುವುದರಿಂದಲೂ ಬರಬಹುದು. ಡಂಬಳದ ೧೦೯೫ರ ಶಾಸನದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಬೌದ್ಧವಿಹಾರವನ್ನು ಕಟ್ಟಿಸಿದುದು ಉಕ್ತವಾಗಿದೆ. ಬೆಟ್ಟದ ಬುಡದಲ್ಲಿಯೇ ಅಷ್ಟು ಸಮರ್ಥವಾದ ವರ್ತಕರ ನೆಲೆಯಿದ್ದಾಗ ವ್ಯಾಪಾರದ ಹೊನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದು ನ್ಯಾಯವಲ್ಲ. ಇದಲ್ಲದೆ ರಾಯಚೂರಿನ ಸೀಮೆಯ ಹಟ್ಟಿಯಲ್ಲಿ ಪ್ರಾಚೀನರು ೬೦೦ ಅಡಿಗಳಿಗೂ ಹೆಚ್ಚು ಆಳಕ್ಕೆ ತೋಡಿದ ಗಣಿಗಳು ದೊರೆತಿವೆ. ೧೯೧೫ರ ಜನವರಿಯಲ್ಲಿ ಹೊನ್ನಿನ ಗಣಿಯ ಇಂಜಿನಿಯರನಾದ ಬೀಡನ್ ಎಂಬಾತನು ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡನು. ಬ್ರಹ್ಮಗಿರಿಯ ಅಶೋಕಶಾಸನದಲ್ಲಿ ಸುವರ್ಣಗಿರಿಯ ಉಲ್ಲೇಖವಿದೆ. ದೊಡ್ಡ ಪ್ರಮಾಣದ ಗಣಿಗಾರಿಕೆಯ ಸ್ಥಿರವಾದ ಗುರುತುಗಳು ಹೀಗೆ ಈಶಾನ್ಯದಲ್ಲಿ ಬಲವಾಗಿವೆ.

ಹಳ್ಳದ ಹೊನ್ನಿನ ಪ್ರಮಾಣವೂ ವಿಚಾರಾರ್ಹವಾದುದು. ಅದು ಮಳೆಯನ್ನು ಅವಲಂಬಿಸಿದ್ದು, ಕೆಲವು ಕುಟುಂಬಗಳ ಜೀವನಕ್ಕೆ ಒದಗುವಂಥದು. ಒಂದು ಸಾಮ್ರಾಜ್ಯದ ನಾಣ್ಯಗಳನ್ನು ಅದೊಂದೇ ಪೂರೈಸಿತೆನ್ನುವುದು ಉಪಪನ್ನವಾಗುವುದಿಲ್ಲ. ಜಲಗಾರರು ತೊಳೆದ ಹೊನ್ನಿನಲ್ಲಿ ಒಂದು ಭಾಗವು ಲೊಕ್ಕಿಗುಂಡಿಯ ಅಕ್ಕಸಾಲಿಗರ ಕೈಗೆ ಸೇರಿರಬಹುದೆನ್ನುವುದು ಸಂ‌ಭಾವ್ಯ; ಅಲ್ಲಿಗೆ ನಿಲ್ಲುವುದು ಯುಕ್ತ. ಊಹೆಯನ್ನು ಊಹೆಯೆಂದೇ ಬರೆಯುವುದರಿಂದ ನಾಡಿನ ಹಿರಿಮೆಗೆ ಕುಂದಿಲ್ಲ. ಅದನ್ನು ಪ್ರಮಾಣವೆಂದು ಬರೆದರೆ, ಮುಂದೊಮ್ಮೆ ಅದು ಕುಸಿದಾಗ ನಿಜವಾದ ಸಾಕ್ಷ್ಯದ ಮೇಲೂ ಜನರ ನಂಬಿಕೆ ಹೋಗುತ್ತದೆ.

(೮)

ಬೆಟ್ಟದ ಹೊನ್ನಿನ ಮಾತು ಚರಿತ್ರೆಯ ಪುಟಗಳಲ್ಲಿಯೇ ಮುಗಿಯಲಿಲ್ಲ. ೨೦೧೧ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಮಿಯನ್ನು ಕೊಡುವುದಕ್ಕೆ ರೈತರು ವಿರೋಧಿಸಿದಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಸರ್ಕಾರವು ಆ ಯತ್ನವನ್ನು ಕೈಬಿಟ್ಟಿತು. ಕಪ್ಪತಗುಡ್ಡದ ಸಂರಕ್ಷಿತ ಪ್ರದೇಶವೆಂಬ ಸ್ಥಾನವನ್ನು ೨೦೧೬ರಲ್ಲಿ ಹಿಂದೆಗೆದುಕೊಂಡ ಸರ್ಕಾರವು, ಜನರ ಚಳವಳಿಯ ಫಲವಾಗಿ ೨೦೧೭ರಲ್ಲಿ ಅದನ್ನು ಮತ್ತೆ ಕೊಟ್ಟಿತು. ೨೦೧೯ರಲ್ಲಿ ಸುಮಾರು ೨೪೪ ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವೆಂದು ಘೋಷಿತವಾಯಿತು. ಬೆಟ್ಟದ ಮೇಲಿನ ಕಾಡೂ ಹಳ್ಳಗಳ ನೀರೂ ಒಳಗಿನ ಹೊನ್ನಿಗಿಂತ ಬೆಲೆಯುಳ್ಳವೆಂದು ಆ ಸೀಮೆಯ ಜನರು ಮಾಡಿದ ತೀರ್ಮಾನ ಇದರಲ್ಲಿ ಕಾಣುತ್ತದೆ.

ಇಷ್ಟು ವಿಚಾರದಿಂದ ಸಿದ್ಧವಾಗುವ ಅಂಶಗಳು ಮೂರು. ಕಪ್ಪತಗುಡ್ಡದ ಹೊನ್ನು ಪ್ರಾಚೀನವಾದ ಶಿಲಾರಸದ ನೆಲದಲ್ಲಿ ಬಿಸಿನೀರು ನೆಲೆಗೊಳಿಸಿದುದು. ಮಳೆಯ ನೀರು ಅದನ್ನು ಹಳ್ಳಕ್ಕೆ ಇಳಿಸಿತು. ಹಳ್ಳದಲ್ಲಿ ಅದನ್ನು ಗುರುತಿಸಿದವರು ಜಲಗಾರರು. ಭೂಶಾಸ್ತ್ರಜ್ಞರ ಶೋಧವು ಅವರ ಅರಿವಿನ ಮೇಲೆ ನಿಂತಿತು. ಲೊಕ್ಕಿಗದ್ಯಾಣಕ್ಕೂ ಈ ಬೆಟ್ಟಕ್ಕೂ ಇರುವ ಸಂಬಂಧವು ಸಂಭಾವ್ಯವೇ ಹೊರತು ಸಿದ್ಧವಲ್ಲ.

ಈ ನಾಡಿನ ಶಾಸನಗಳು ದಾನಕೊಟ್ಟ ಅರಸರ, ಸೆಟ್ಟಿಗಳ, ಗೌಡರ ಹೆಸರುಗಳನ್ನು ಕಲ್ಲಿನಲ್ಲಿ ಉಳಿಸಿವೆ. ಗದ್ಯಾಣಗಳ ಲೆಕ್ಕವನ್ನು ಬೇಳೆ ವೀಸಗಳವರೆಗೂ ಕೊಟ್ಟಿವೆ. ಆ ಲೆಕ್ಕದ ಹಿಂದೆ, ಮಳೆ ಇಳಿದ ಮೇಲೆ ಮರಿಗೆಯನ್ನು ಹಿಡಿದು ಹಳ್ಳಕ್ಕೆ ಹೋದವರೂ ಇದ್ದರು. ಜಲಗಾರ ಎಂಬ ಶಬ್ದವನ್ನು ಪಾಠಶಾಲೆಗಳಲ್ಲಿ ಅರ್ಥ ಹೇಳುವ ಉಪಾಧ್ಯಾಯರು ಕಸ ಗುಡಿಸುವವನೆಂಬ ಅರ್ಥದ ಜೊತೆಗೆ ಹೊನ್ನನ್ನು ತೊಳೆಯುವವನೆಂಬ ಅರ್ಥವನ್ನೂ ಹೇಳಿಕೊಡುವುದು ಉಚಿತ.